ಕೆಳಗಿಳಿದ ಸಭೆ

ಡುಲ್ಸಿನ್ ಟೀಚರಿಗೆ ನಾಯಿ ಕಚ್ಚಿದ್ದು ಬಲಗಾಲಿಗೆ. ಎಡಗಾಲಿಗೆ ಕಚ್ಚಿದ್ದರೆ ನಾಯಿಯ ಹಲ್ಲೇ ಹೋಗುತ್ತಿತ್ತು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಸೊರಗಿದ ಆ ಕಾಲಿಗೆ ತೊಡೆಯಿಂದ ಪಾದದವರೆಗೆ ಕಬ್ಬಿಣದ ಕ್ಯಾಲಿಪರ್ ಇತ್ತು. "ನಾಯಿಗೂ ಗೊತ್ತುಂಟು, ಯಾವುದು ಒಳ್ಳೆ ಕಾಲು ಅಂತ" ಎಂದು ಅವರು ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದರು. ಜೆಪ್ಪುವಿನ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷದಿಂದ ಗಣಿತ ಕಲಿಸುತ್ತಿದ್ದ ಅವರ ಮಾತಿಗೆ ನಗುವುದೋ ಹೆದರುವುದೋ ಎಂದು ಹೊಸಬರಿಗೆ ತಕ್ಷಣ ತಿಳಿಯುತ್ತಿರಲಿಲ್ಲ.

ಹುಚ್ಚುನಾಯಿ ರೋಗದ ಲಸಿಕೆಯನ್ನು ಪೆಲತ್ತಡಿಯ ಆರೋಗ್ಯ ಕೇಂದ್ರದಲ್ಲಿ ಕೊಡುತ್ತಿದ್ದರು. ಜೆಪ್ಪುವಿನಿಂದ ಬೋಳಾರದ ಕಡೆಗೆ ಇಳಿಯುವ ದಾರಿಯಲ್ಲಿ, ಹಂಚಿನ ಮಾಡಿನ ಹಳೆಯ ಮನೆಯೊಂದರಲ್ಲಿ ಆ ಕೇಂದ್ರವಿತ್ತು. ಜಗಲಿ ರಸ್ತೆಯ ಮಟ್ಟದಲ್ಲೇ ಇದ್ದುದರಿಂದ ರಿಕ್ಷಾದಿಂದ ಇಳಿದು ಒಂದು ಹೊಸ್ತಿಲು ದಾಟಿದರೆ ಸಾಕು, ಒಳಗೆ. ಗರ್ಭಿಣಿಯರು, ಶುಗರ್ ಮಾತ್ರೆಯ ಮುದುಕರು, ಪೋಲಿಯೊ ಹನಿಗೆ ಬರುವ ಮಕ್ಕಳು, ಎಲ್ಲರಿಗೂ ಆ ಜಗಲಿಯ ಬೆಂಚು ಗೊತ್ತು.

ಮೂರನೇ ಇಂಜೆಕ್ಷನ್‌ಗೆ ಹೋದ ದಿನ ಬಾಗಿಲಿನ ಮೇಲೆ ಹೊಸ ನೋಟಿಸ್ ಅಂಟಿಸಿತ್ತು. ಗೋಂದು ಇನ್ನೂ ಒಣಗಿರಲಿಲ್ಲ. ಡುಲ್ಸಿನ್ ಊರುಗೋಲಿಗೆ ಭಾರ ಬಿಟ್ಟು ನಿಂತು ಓದಿದರು. ಕಟ್ಟಡ ಶಿಥಿಲವಾಗಿರುವ ಕಾರಣ ಆರೋಗ್ಯ ಕೇಂದ್ರವನ್ನು ಮುಂದಿನ ಸೋಮವಾರದಿಂದ ಪಾಲಿಕೆಯ ಹೊಸ ವಾಣಿಜ್ಯ ಸಂಕೀರ್ಣದ ಎರಡನೇ ಮಹಡಿಗೆ ಸ್ಥಳಾಂತರಿಸಲಾಗುವುದು. ಈ ಬಗ್ಗೆ ಸಾರ್ವಜನಿಕ ಸಭೆ ಶನಿವಾರ ಬೆಳಿಗ್ಗೆ ಅದೇ ಎರಡನೇ ಮಹಡಿಯಲ್ಲಿ ನಡೆಯುವುದು. ನಾಗರಿಕರು ತಪ್ಪದೆ ಹಾಜರಾಗಿ ಸಹಕರಿಸಬೇಕು.

"ಹೇಮಾಕ್ಷಿ, ಇದೆಂತ?"

ಒಳಗಿನಿಂದ ಬಂದ ನರ್ಸ್ ಹೇಮಾಕ್ಷಿ ಕೈಯೊರೆಸಿಕೊಂಡಳು. "ನಂಗೆ ಎಂತ ಗೊತ್ತು ಟೀಚರ್? ನೋಟಿಸ್ ಆಫೀಸಿನವರದ್ದು. ಗೋಂದು ಮಾತ್ರ ನನ್ನದು."

"ಅಲ್ಲಿ ಲಿಫ್ಟ್ ಉಂಟಾ?"

"ಲಿಫ್ಟಿನ ಜಾಗ ಉಂಟು."

"ಜಾಗ ಅಂದ್ರೆ?"

"ಗುಂಡಿ. ಪ್ಲೈವುಡ್ ಅಡ್ಡ ಇಟ್ಟಿದ್ದಾರೆ. ಬಜೆಟ್ ಬಂದ ಮೇಲೆ ಲಿಫ್ಟ್ ಬರ್ತದಂತೆ."

ಹೇಮಾಕ್ಷಿ ತೋಳಿಗೆ ಸೂಜಿ ಚುಚ್ಚಿ, ಇನ್ನೊಂದು ಡೋಸ್ ಬಾಕಿ ಇದೆ, ತಿಂಗಳ ಕೊನೆಗೆ ಬರಬೇಕು, ತಪ್ಪಿಸಬಾರದು ಎಂದಳು. ಎಲ್ಲಿಗೆ ಬರಬೇಕು ಎಂಬುದನ್ನು ಹೇಳಲಿಲ್ಲ. ಡುಲ್ಸಿನ್ ಕೇಳಲೂ ಇಲ್ಲ. ಹೊರಗೆ ಕಾಯುತ್ತಿದ್ದ ಬಶೀರನ ರಿಕ್ಷಾ ಹತ್ತಿ, "ಮನೆಗೆ ಬೇಡ. ಆ ಹೊಸ ಬಿಲ್ಡಿಂಗಿನ ಹತ್ರ ಒಮ್ಮೆ ನಿಲ್ಲಿಸು" ಎಂದರು.

ಹೊಸ ಬಿಲ್ಡಿಂಗ್ ಕನ್ನಡಿಯ ಮುಖದ್ದು. ನೆಲಮಹಡಿಯಲ್ಲಿ ಒಂದು ಬೇಕರಿ, ಒಂದು ಮೊಬೈಲ್ ಅಂಗಡಿ. ಮತ್ತೆರಡು ಶಟರುಗಳು ಎಳೆದೇ ಇದ್ದವು. ಮೆಟ್ಟಿಲು ಕಡಿದಾಗಿತ್ತು, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಿತ್ತು. ನುಣ್ಣನೆಯ ಗ್ರಾನೈಟ್ ಬೇರೆ. ಡುಲ್ಸಿನ್ ರಿಕ್ಷಾದಿಂದ ಇಳಿಯದೆಯೇ ಅದನ್ನು ನೋಡಿದರು.

"ಟೀಚರೇ, ಇದು ನನಗೂ ಕಷ್ಟವೇ" ಎಂದ ಬಶೀರ್. "ನನ್ನ ಉಮ್ಮನಿಗೆ ಬಿಪಿ ನೋಡ್ಲಿಕ್ಕೆ ತಿಂಗಳಿಗೊಮ್ಮೆ ಕರ್ಕೊಂಡು ಬರ್ಬೇಕು. ಇದನ್ನು ಹತ್ತಿದ ಮೇಲೆ ನೋಡಿದ್ರೆ ಯಾರಿಗಾದ್ರೂ ಬಿಪಿ ಉಂಟು."

ಡುಲ್ಸಿನ್ ನಕ್ಕರು. ಆದರೆ ಮನೆ ತಲುಪುವಾಗ ಅವರ ಮುಖದಲ್ಲಿ ನಗು ಉಳಿದಿರಲಿಲ್ಲ.

ಮನೆಯಲ್ಲಿ ಅಣ್ಣ ರೇಮಂಡ್ ಇದ್ದರು. ಕುವೈತಿನಲ್ಲಿ ಕಟ್ಟಡದ ಕೆಲಸದ ಫೋರ್‌ಮನ್ ಆಗಿದ್ದು ಊರಿಗೆ ಮರಳಿದ ಮೇಲೆ ಅವರಿಗೆ ತಂಗಿಯ ಕಾಳಜಿಯೇ ದೊಡ್ಡ ಕೆಲಸವಾಗಿತ್ತು. ಡುಲ್ಸಿನ್ ಮದುವೆಯಾಗಿರಲಿಲ್ಲ. ಅಪ್ಪ ಅಮ್ಮನ ಕಾಲದ ಮನೆಯಲ್ಲಿ ಅಣ್ಣ, ಅತ್ತಿಗೆ ಗ್ಲ್ಯಾಡಿಸ್ ಮತ್ತು ಅವರು, ಮೂವರೇ. ನೋಟಿಸಿನ ವಿಷಯ ಕೇಳಿ ರೇಮಂಡ್ ಅರ್ಧ ನಿಮಿಷದಲ್ಲಿ ಪರಿಹಾರ ಹುಡುಕಿದರು.

"ಅದಕ್ಕೆಂತ ತಲೆಬಿಸಿ? ಇಗರ್ಜಿಯ ಹುಡುಗರನ್ನು ನಾಲ್ಕು ಜನ ಕರೀತೇನೆ. ಕುರ್ಚಿಯಲ್ಲಿ ಕೂತ್ಕೊ. ಎತ್ತಿ ಮೇಲೆ ಇಡ್ತಾರೆ. ಎರಡು ನಿಮಿಷದ ಕೆಲಸ."

"ಬೇಡ."

"ಯಾಕೆ ಬೇಡ? ಹುಡುಗರು ಖುಷಿಯಲ್ಲಿ ಬರ್ತಾರೆ."

"ಅವರು ಖುಷಿಯಲ್ಲಿ ಬರ್ತಾರೆ. ನನಗೆ ಖುಷಿ ಇಲ್ಲ."

"ಡುಲ್ಸಿ, ನಿನಗೆ ಬೇಕಾದ್ದು ಇಂಜೆಕ್ಷನ್ನಾ, ಜಗಳವಾ?"

ಡುಲ್ಸಿನ್ ಎದ್ದು ಕೋಣೆಗೆ ಹೋದರು. ಕುರ್ಚಿ ಎಂಬ ಮಾತು ಕಿವಿಯಲ್ಲೇ ಉಳಿದಿತ್ತು.

ಅವರು ಕಾಲೇಜಿನಲ್ಲಿದ್ದಾಗ ಬಿ.ಎಡ್. ಪರೀಕ್ಷೆಯ ಹಾಲ್ ಮೂರನೇ ಮಹಡಿಯಲ್ಲಿತ್ತು. ಸಹಪಾಠಿಗಳು ನಾಲ್ವರು ಅವರನ್ನು ಮರದ ಕುರ್ಚಿಯಲ್ಲಿ ಕೂರಿಸಿ, ಮದುವಣಗಿತ್ತಿಯನ್ನು ಹೊತ್ತ ಹಾಗೆ ಹಾಡುತ್ತಾ ನಗುತ್ತಾ ಎತ್ತಿಕೊಂಡು ಹೋದರು. ತಿರುವಿನಲ್ಲಿ ಕುರ್ಚಿ ವಾಲಿತು. ಕ್ಯಾಲಿಪರ್ ಕಂಬಿಗೆ ಬಡಿದು ಇಡೀ ಕಾಲೇಜಿಗೆ ಕೇಳುವಂಥ ಸದ್ದಾಯಿತು. ಸ್ಕರ್ಟ್ ಮೇಲೆ ಸರಿಯಿತು. ಮೆಟ್ಟಿಲಿನ ಕೆಳಗೂ ಮೇಲೂ ನಿಂತಿದ್ದವರೆಲ್ಲ ನೋಡಿದರು, ನೋಡಿ ಬೇಗ ಬೇರೆ ಕಡೆ ತಿರುಗಿದರು. ಎತ್ತಿದವರು ಒಳ್ಳೆಯವರು, ಆಮೇಲೆ ತಂಪು ಪಾನೀಯವನ್ನೂ ತಂದುಕೊಟ್ಟರು. ಡುಲ್ಸಿನ್ ಅವರಿಗೆ ಥ್ಯಾಂಕ್ಸ್ ಹೇಳಬೇಕಾಯಿತು. ಅವಮಾನಕ್ಕಿಂತ ಹೆಚ್ಚಾಗಿ ಸುಟ್ಟದ್ದು ಆ ಥ್ಯಾಂಕ್ಸ್. ಇನ್ನು ಮುಂದೆ ಯಾರ ಕೈಯಲ್ಲೂ ಸಾಮಾನಿನ ಹಾಗೆ ಎತ್ತಿಸಿಕೊಳ್ಳುವುದಿಲ್ಲ ಎಂದು ಅಂದು ನಿಶ್ಚಯಿಸಿದವರು ಹಾಗೆಯೇ ಬದುಕಿದ್ದರು. ಮೇಲಿನ ಮಹಡಿಯ ಮದುವೆ ಊಟ ಬಿಟ್ಟಿದ್ದರು, ಬ್ಯಾಂಕ್ ಬದಲಿಸಿದ್ದರು. ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯೊಡನೆ ವಾದಿಸಿ ಹತ್ತನೇ ತರಗತಿಯನ್ನೇ ಕೆಳಗೆ ತರಿಸಿದ್ದರು.

ಶುಕ್ರವಾರ ಸಂಜೆ ಪಕ್ಕದ ಮನೆಯ ಪಂಕಜಾಕ್ಷಿ ಬಂದರು. ಅವರ ಗಂಡ ವಿಠಲ ಭಟ್ಟರು ಬೋಳಾರದ ಕಡೆಯ ಚಿಕ್ಕ ದೇವಸ್ಥಾನವೊಂದರಲ್ಲಿ ಪೂಜೆ ಮಾಡುತ್ತಿದ್ದರು. ಪಂಕಜಾಕ್ಷಿಗೆ ಎರಡೂ ಮೊಣಕಾಲು ನೋವು, ಶುಗರ್ ಕೂಡ. ಜಗಳ ಎಂದರೆ ಹೆದರುವ ಜೀವ. ಹೂವಿನವಳು ಮೊಳ ಕಮ್ಮಿ ಅಳೆದರೂ ಸುಮ್ಮನಿರುವವರು.

"ನಾನು ನಿಧಾನಕ್ಕೆ ಹತ್ತಿ ಹೋಗ್ತೇನೆ ಟೀಚರ್" ಎಂದರು. "ನಿಮ್ಮ ವಿಷಯ ನಾನು ಅಲ್ಲಿ ಯಾರತ್ರವಾದ್ರೂ ಹೇಳಿಸ್ತೇನೆ. ನೀವು ಯಾಕೆ ಸುಮ್ಮನೆ ಅಲ್ಲಿವರೆಗೆ ಬಂದು…"

"ನನ್ನ ವಿಷಯ ನನಗೇ ಹೇಳ್ಲಿಕ್ಕೆ ಬರ್ತದೆ ಪಂಕಜಕ್ಕ. ಬಾಯಿಗೆ ಪೋಲಿಯೊ ಆಗ್ಲಿಲ್ಲ."

ಪಂಕಜಾಕ್ಷಿ ಬಾಯಿಗೆ ಸೆರಗು ಹಿಡಿದು ನಕ್ಕರು, ಆಮೇಲೆ ಹೀಗೆ ನಗಬಾರದಿತ್ತು ಎಂಬಂತೆ ಕೂತರು.

ಶನಿವಾರ ಡುಲ್ಸಿನ್ ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು ಬಶೀರನ ರಿಕ್ಷಾದಲ್ಲಿ ಹೊರಟರು. ರೇಮಂಡ್ ಸ್ಕೂಟರಿನಲ್ಲಿ ಹಿಂದೆ ಬಂದರು. ಡುಲ್ಸಿನ್ ಬಿಲ್ಡಿಂಗಿನ ಬುಡದಲ್ಲಿ ಇಳಿದು, ಬೇಕರಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಕೇಳಿ ಪಡೆದು, ಮೆಟ್ಟಿಲಿನ ಮೊದಲ ಹಂತದ ಪಕ್ಕದಲ್ಲೇ ಹಾಕಿಸಿ ಕೂತರು. ಜನ ಬಂದು ಅವರನ್ನು ನೋಡಿ, "ಟೀಚರ್, ಬರುದಿಲ್ವಾ?" ಎಂದು ಕೇಳಿ ಮೇಲೆ ಹೋದರು. ಪಂಕಜಾಕ್ಷಿ ಕೂಡ ಕಂಬಿ ಹಿಡಿದು, ಎರಡೂ ಪಾದ ಒಂದೊಂದು ಮೆಟ್ಟಿಲಿನಲ್ಲಿ ಕೂಡಿಸುತ್ತಾ, "ಅಪ್ಪೇ… ಅಪ್ಪೇ…" ಎಂದು ತುಳುವಿನಲ್ಲಿ ಅಮ್ಮನನ್ನು ಕರೆಯುತ್ತಾ ಹೋದರು. ಅವರ ಹಿಂದಿದ್ದವರು ತಾಳ್ಮೆಯಿಂದ ಕಾದರು. ಕೆಲವರು ತಾಳ್ಮೆಯಿಲ್ಲದೆಯೂ ಕಾದರು. ಬೇರೆ ದಾರಿ ಇರಲಿಲ್ಲ.

ಗೇವಿನ್ ಎಂಬ ಹುಡುಗ ಮೊಬೈಲನ್ನು ಸೆಲ್ಫಿ ಕೋಲಿಗೆ ಸಿಕ್ಕಿಸಿಕೊಂಡು ಬಂದ. ಊರಿನ ಸುದ್ದಿ ಹಾಕುವ ಒಂದು ವೆಬ್ ಚಾನೆಲ್‌ನಲ್ಲಿ ಅವನ ಕೆಲಸ. ಹತ್ತನೇ ತರಗತಿಯಲ್ಲಿ ಡುಲ್ಸಿನ್ ಟೀಚರ ಹತ್ತಿರ ಗಣಿತಕ್ಕೆ ಬೈಸಿಕೊಂಡವನು.

"ಟೀಚರ್, ಸೂಪರ್ ಸ್ಟೋರಿ ಇದು" ಎಂದ. "ನೀವು ಒಂದು ಐದಾರು ಮೆಟ್ಟಿಲು ಕೂತುಕೊಂಡೇ ಹತ್ತಿ. ಅಷ್ಟೇ ಸಾಕು. ನಾನು ಕೆಳಗಿಂದ ತೆಗಿತೇನೆ. ಸಂಜೆಗೆ ವೈರಲ್."

"ಕೂತುಕೊಂಡು ಅಂದ್ರೆ ತೆವಳಿಕೊಂಡು."

"ಹಾಗಲ್ಲ ಟೀಚರ್, ಜನರಿಗೆ ಮನಸ್ಸಿಗೆ ತಾಗ್ಬೇಕಲ್ಲ…"

"ನನ್ನ ಕಾಲಿನ ವಿಡಿಯೊ ಎಂತಕ್ಕೆ ಗೇವಿನ್? ಮೆಟ್ಟಿಲಿನದ್ದು ತೆಗಿ. ಲಿಫ್ಟಿನ ಗುಂಡಿಯದ್ದು ತೆಗಿ. ಆ ಎರಡು ಶಟರ್ ಉಂಟಲ್ಲ, ಖಾಲಿ, ಅದನ್ನು ತೆಗಿ. ಅದು ತಾಗದಿದ್ರೆ ಜನರ ಮನಸ್ಸಲ್ಲಿ ತೊಂದರೆ ಉಂಟು."

ಗೇವಿನ್ ತಲೆ ಕೆರೆದುಕೊಂಡು ಶಟರಿನ ಕಡೆಗೆ ಹೋದ.

ಮೇಲೆ ಮೈಕ್ ಸದ್ದಾಯಿತು. ಡುಲ್ಸಿನ್ ಬಶೀರನನ್ನು ಕರೆದು, "ಮೇಲೆ ಹೋಗಿ ಅಧಿಕಾರಿಗಳಿಗೆ ಹೇಳು. ಕೆಳಗೆ ಒಬ್ಬರು ಮಾತಾಡ್ಲಿಕ್ಕೆ ಬಂದಿದ್ದಾರೆ. ಸಭೆಯನ್ನು ಕೆಳಗೆ ತನ್ನಿ ಅಂತ" ಎಂದರು.

ಬಶೀರ್ ಹೋದ. ಹಿಂದೆ ಬರುವಾಗ ಅವನೊಂದಿಗೆ ಇಬ್ಬರು ಅಟೆಂಡರುಗಳಿದ್ದರು, ಅವರ ಕೈಯಲ್ಲಿ ಒಂದು ಕುರ್ಚಿ ಇತ್ತು. "ಮೇಡಂ, ಕೂತ್ಕೊಳ್ಳಿ. ಸಾರ್ ಹೇಳಿದ್ದಾರೆ, ಜಾಗ್ರತೆಯಲ್ಲಿ ಎತ್ಕೊಂಡು ಬನ್ನಿ ಅಂತ."

"ನಾನು ಕೂತೇ ಇದ್ದೇನೆ" ಎಂದರು ಡುಲ್ಸಿನ್. "ಕುರ್ಚಿ ತಗೊಂಡು ಹೋಗಿ, ಅಲ್ಲಿ ನಿಂತವರಿಗೆ ಕೊಡಿ."

ರೇಮಂಡ್‌ಗೆ ತಡೆಯಲಾಗಲಿಲ್ಲ. ಜನರೆದುರು ದನಿ ತಗ್ಗಿಸಿ, "ಡುಲ್ಸಿ, ಅವರು ಮರ್ಯಾದೆಯಲ್ಲಿ ಕರೀತಿದ್ದಾರೆ. ಇಷ್ಟು ಹಟ ಒಳ್ಳೆದಲ್ಲ. ನಾನೇ ಹಿಡೀತೇನೆ ಒಂದು ಕಡೆ. ನಾನು ಬೀಳಿಸ್ತೇನಾ ನಿನ್ನನ್ನು?" ಎಂದರು.

"ನೀನು ಬೀಳಿಸುದಿಲ್ಲ. ನೀನು ಒಳ್ಳೆಯವನೇ. ಎತ್ತಿದವರೆಲ್ಲ ಒಳ್ಳೆಯವರೇ ಇದ್ರು, ರೇಮಂಡ್." ಡುಲ್ಸಿನ್ ದನಿಯನ್ನು ತಗ್ಗಿಸಲಿಲ್ಲ. "ಇವತ್ತು ನೀನು ಎತ್ತುತ್ತಿ. ಮುಂದಿನ ಸಲ ಯಾರು? ಬಶೀರನ ತಾಯಿಯನ್ನು ಯಾರು ಎತ್ತುದು? ನಾನು ಮೇಲೆ ಹೋದ್ರೆ ಅವರು ಬರೀತಾರೆ, ಎಲ್ಲರೂ ಬಂದಿದ್ದಾರೆ, ಯಾರಿಗೂ ತೊಂದರೆ ಇಲ್ಲ ಅಂತ. ನಾನು ಇಲ್ಲೇ ಇದ್ರೆ ಹಾಗೆ ಬರೀಲಿಕ್ಕೆ ಆಗುದಿಲ್ಲ."

ರೇಮಂಡ್ ಮುಖ ಕೆಂಪು ಮಾಡಿಕೊಂಡು ಸ್ಕೂಟರಿನ ಹತ್ತಿರ ಹೋಗಿ ನಿಂತರು. ಹೊರಟು ಹೋಗಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಪಾಲಿಕೆಯ ಅಧಿಕಾರಿ ಕೃಷ್ಣಕಿಶೋರ್ ತಾವೇ ಬಂದರು. ಕೆಳಗಿನ ತನಕ ಬರಲಿಲ್ಲ, ತಿರುವಿನಲ್ಲಿ ನಿಂತು ಬಗ್ಗಿ ಮಾತಾಡಿದರು. ಇನ್ನೂ ಎಳೆ ಪ್ರಾಯದವರು, ಈ ವಲಯಕ್ಕೆ ಬಂದು ಹೆಚ್ಚು ಸಮಯ ಆಗಿರಲಿಲ್ಲ.

"ಮೇಡಂ, ನಿಮ್ಮ ಸಮಸ್ಯೆ ನನಗೆ ಅರ್ಥ ಆಗ್ತದೆ. ನೀವು ಒಂದು ಮನವಿ ಬರೆದು ಕೊಡಿ. ಖಂಡಿತ ಪರಿಶೀಲಿಸ್ತೇವೆ."

"ಮನವಿ ಇಲ್ಲ ಸಾರ್. ಇದು ಸಾರ್ವಜನಿಕ ಸಭೆ ಅಲ್ವಾ?"

"ಹೌದು."

"ನಾನು ಸಾರ್ವಜನಿಕ. ಇಲ್ಲಿದ್ದೇನೆ. ಸಭೆ ಎಲ್ಲಿ?"

ಕೃಷ್ಣಕಿಶೋರ್ ಕೈಯಿಂದ ಮೇಲಕ್ಕೆ ತೋರಿಸಿದರು. "ಮೇಲೆ ಐವತ್ತು ಜನ ಕೂತಿದ್ದಾರೆ ಮೇಡಂ. ಒಬ್ಬರಿಗಾಗಿ ಎಲ್ಲರನ್ನೂ ಇಳಿಸ್ಲಿಕ್ಕೆ ಆಗುದಿಲ್ಲ" ಎಂದು ಹೇಳಿ ಮೇಲೆ ಹೋದರು. ಮೈಕಿನಲ್ಲಿ ಸ್ವಾಗತ ಭಾಷಣ ಮುಂದುವರಿಯಿತು.

ಆ ಹೊತ್ತಿಗೆ ಡುಲ್ಸಿನ್‌ಗೂ ಸೋತೆನೇನೋ ಅನ್ನಿಸಿತು. ಬಿಸಿಲು ಕುರ್ಚಿಯ ಮೇಲೆ ಬರುತ್ತಿತ್ತು. ಕ್ಯಾಲಿಪರ್‌ನ ಚರ್ಮದ ಪಟ್ಟಿ ಬೆವರಿಗೆ ಕಚ್ಚುತ್ತಿತ್ತು. ಬೇಕರಿಗೆ ಬಂದವರು ಇವರನ್ನು ಭಿಕ್ಷೆಗೆ ಕೂತವರೋ ಎಂಬಂತೆ ನೋಡಿ ಹೋದರು. ಒಬ್ಬರಂತೂ ಪರ್ಸಿಗೆ ಕೈಹಾಕಿ, ಊರುಗೋಲಿನಿಂದ ಕಣ್ಣೆತ್ತಿ ಇವರ ಮುಖ ನೋಡಿದೊಡನೆ ಗಾಬರಿಯಾಗಿ ಕೈ ತೆಗೆದರು.

ಆಗ ಹಳೆ ಕೇಂದ್ರಕ್ಕೆ ಚೆಕಪ್ಪಿಗೆ ಬರುತ್ತಿದ್ದ ಆನ್ಸಿ ಬಂದಳು. ತುಂಬಿದ ಬಸುರಿ. ಅವಳು ಮೆಟ್ಟಿಲಿಗೆ ಕಾಲಿಟ್ಟು, ಮೇಲೆ ನೋಡಿ, ಮತ್ತೆ ಡುಲ್ಸಿನ್ ಟೀಚರನ್ನು ನೋಡಿದಳು.

"ಟೀಚರ್, ನೀವು ಯಾಕೆ ಇಲ್ಲಿ?"

"ಸಭೆಗೆ ಬಂದದ್ದು."

"ಸಭೆ ಮೇಲೆ ಅಲ್ವಾ?"

"ಅದು ಇನ್ನೂ ಇಳಿದು ಬರ್ಲಿಲ್ಲ. ಕಾಯ್ತಾ ಇದ್ದೇನೆ."

ಆನ್ಸಿ ಹೊಟ್ಟೆಯ ಮೇಲೆ ಕೈಯಿಟ್ಟು ಸ್ವಲ್ಪ ಯೋಚಿಸಿದಳು. ಆಮೇಲೆ ಮೊದಲ ಮೆಟ್ಟಿಲಿನ ಮೇಲೆಯೇ ಕೂತುಬಿಟ್ಟಳು. "ಹಾಗಾದ್ರೆ ನಾನೂ ಕಾಯ್ತೇನೆ. ಡಾಕ್ಟ್ರು ಹತ್ತುದು ಇಳಿಯುದು ಕಮ್ಮಿ ಮಾಡು ಅಂದಿದ್ದಾರೆ. ಚೆಕಪ್ಪಿಗೆ ಮಾತ್ರ ಎರಡನೇ ಮಾಳಿಗೆಗೆ ಬಾ ಅಂದ್ರೆ ಎಂತ ಇವರದ್ದು?" ಬಶೀರ್ ತನ್ನ ತಾಯಿಯನ್ನು ಕರೆತಂದು ರಿಕ್ಷಾದ ಸೀಟಿನಲ್ಲೇ ಕೂರಿಸಿ, ರಿಕ್ಷಾವನ್ನು ಮೆಟ್ಟಿಲಿನ ಬಾಯಿಗೆ ತಂದು ನಿಲ್ಲಿಸಿದ. ಉಬ್ಬಸದ ಒಬ್ಬರು, ಮಗುವನ್ನು ಸೊಂಟದಲ್ಲೂ ಇನ್ನೊಂದನ್ನು ಕೈಯಲ್ಲೂ ಹಿಡಿದ ಒಬ್ಬಳು, ಹೀಗೆ ತಡವಾಗಿ ಬಂದವರೆಲ್ಲ ಅಲ್ಲೇ ನಿಂತರು. ಹತ್ತಬಲ್ಲವರೂ ಕೆಲವರು ಹತ್ತಲಿಲ್ಲ.

ಮೇಲೆ ನಡೆದದ್ದನ್ನು ಆಮೇಲೆ ಹೇಮಾಕ್ಷಿ ಎಷ್ಟೋ ಸಲ ಹೇಳಿದಳು. ಸ್ವಾಗತ ಮುಗಿದು, ಹೊಸ ಜಾಗದಲ್ಲಿ ಟೈಲ್ಸ್ ಎಷ್ಟು ಒಳ್ಳೆಯದು, ಬಾತ್‌ರೂಮ್ ಎಷ್ಟು ಸ್ವಚ್ಛ ಎಂದೆಲ್ಲ ಹೇಳಿ, "ಯಾರದ್ದಾದರೂ ಆಕ್ಷೇಪ ಉಂಟಾ?" ಎಂದು ಕೃಷ್ಣಕಿಶೋರ್ ಕೇಳಿದರು. ಯಾರೂ ಮಾತಾಡಲಿಲ್ಲ. "ಹಾಗಾದರೆ ಸರ್ವಾನುಮತ…" ಎನ್ನುವಾಗ ಮಧ್ಯದ ಸಾಲಿನಲ್ಲಿ ಪಂಕಜಾಕ್ಷಿ ಎದ್ದು ನಿಂತರು. ಎದ್ದದ್ದು ಮಾತಾಡಲಿಕ್ಕೆ ಎಂದು ಅವರಿಗೇ ಗೊತ್ತಿದ್ದ ಹಾಗಿರಲಿಲ್ಲ.

"ಸರ್ವಾನುಮತ ಅಂದ್ರೆ ಎಲ್ಲರದ್ದೂ ಅಂತ ಅಲ್ವಾ?" ಎಂದರು. "ಟೀಚರ್ ಕೆಳಗಿದ್ದಾರಲ್ಲ. ಅವರದ್ದು ಕೇಳ್ಲಿಲ್ಲ."

"ಅಮ್ಮ, ಅವರನ್ನು ಕರೆದಾಗಿದೆ. ಅವರು ಬರ್ಲಿಲ್ಲ."

"ಅವರು ಬರುದು ಹೇಗೆ? ನಾನು ಬರ್ಲಿಕ್ಕೆ ಎಷ್ಟು ಹೊತ್ತಾಯ್ತು ಗೊತ್ತುಂಟಾ? ಇನ್ನು ಇಳಿಯುದು ಹೇಗೆ ಅಂತ ಆಗಿನಿಂದ ಅದನ್ನೇ ಯೋಚಿಸ್ತಿದ್ದೇನೆ, ನಿಮ್ಮ ಟೈಲ್ಸಿನ ಮಾತು ಕಿವಿಗೆ ಹೋಗ್ಲಿಲ್ಲ." ಕೆಲವರು ನಕ್ಕರು. ಪಂಕಜಾಕ್ಷಿ ಕೃಷ್ಣಕಿಶೋರರ ಮುಖವನ್ನೇ ನೋಡುತ್ತಿದ್ದರು. "ನೀನು ಬಜಪೆಯ ಶ್ರೀಲಕ್ಷ್ಮಿಯ ಮಗ ಅಲ್ವಾ?"

ಅಧಿಕಾರಿ ಮೈಕನ್ನು ಬಾಯಿಯಿಂದ ದೂರ ಹಿಡಿದರು. "ಹೌದು."

"ನನಗೆ ಆಗಲೇ ಅಂದಾಜಾಯ್ತು. ಮೂಗು ಅವಳದ್ದೇ. ಅವಳ ಮೊಣಕಾಲಿಗೆ ಆಪರೇಶನ್ ಆದದ್ದು ನನಗೆ ಗೊತ್ತುಂಟು ಮಗಾ. ನಾಳೆ ಅವಳನ್ನು ಇಲ್ಲಿಗೆ ಕರ್ಕೊಂಡು ಬಾ. ಒಮ್ಮೆ ಹತ್ತಿಸಿ ಇಳಿಸು. ಆಮೇಲೆ ಸರ್ವಾನುಮತ ಬರಿ." ಹಾಗೆಂದು ಅವರು ಚೀಲ ಎತ್ತಿಕೊಂಡರು. "ನಾನು ಕೆಳಗೆ ಹೋಗ್ತೇನೆ. ಎಂತ ಮಾತಾಡ್ಲಿಕ್ಕಿದ್ರೂ ಅಲ್ಲಿ ಮಾತಾಡುವ."

ಅವರು ಬಾಗಿಲು ದಾಟಿದರು. ಹಿಂದೆಯೇ ಹೇಮಾಕ್ಷಿ ಎದ್ದಳು. ಆಮೇಲೆ ಮುಂದಿನ ಸಾಲು, ಆಮೇಲೆ ಉಳಿದವರು. ಕೃಷ್ಣಕಿಶೋರ್ ಖಾಲಿ ಕುರ್ಚಿಗಳ ಮುಂದೆ ಮೈಕ್ ಹಿಡಿದು ನಿಲ್ಲುವ ಹಾಗಿರಲಿಲ್ಲ. ಅವರೂ ಹೊರಟರು.

ಆದರೆ ಯಾರೂ ಬೇಗ ಇಳಿಯುವ ಹಾಗಿರಲಿಲ್ಲ. ಪಂಕಜಾಕ್ಷಿ ಮುಂದಿದ್ದರು. ಒಂದು ಪಾದ ಇಳಿಸಿ, ಇನ್ನೊಂದನ್ನು ಅದರ ಪಕ್ಕಕ್ಕೆ ತಂದು, ಉಸಿರು ತೆಗೆದು, ಮುಂದಿನ ಮೆಟ್ಟಿಲು. ಅವರ ಹಿಂದೆ ಇಡೀ ಪೆಲತ್ತಡಿ ಸಾಲುಗಟ್ಟಿ ನಿಂತಿತ್ತು. "ಅಮ್ಮ, ಸ್ವಲ್ಪ ಬದಿಗೆ ನಿಂತರೆ ನಾವು…" ಎಂದು ಒಬ್ಬ ಅಟೆಂಡರ್ ಹೇಳಿದ.

"ಬದಿ ಎಲ್ಲುಂಟು ಮಾರಾಯ?" ಎಂದರು ಪಂಕಜಾಕ್ಷಿ. "ನನ್ನ ಸ್ಪೀಡೇ ಇದು. ಇಂಥವರಿಗೆ ಅಂತಲೇ ಆಸ್ಪತ್ರೆ ಇರುದು."

ಕೆಳಗೆ ಕೂತಿದ್ದ ಡುಲ್ಸಿನ್‌ಗೆ ಮೊದಲು ಕಂಡದ್ದು ತಿರುವಿನಲ್ಲಿ ಆ ಎರಡು ಪಾದಗಳು. ಆಮೇಲೆ ಹಿಂದಿನ ಸಾಲು. ಸಾಲಿನ ಕೊನೆಯಲ್ಲಿ ಅಧಿಕಾರಿಯ ಬಿಳಿ ಅಂಗಿ. ಕಣ್ಣು ತುಂಬಿ ಬಂದೀತು ಎಂದು ಹೆದರಿ ಅವರು ಊರುಗೋಲು ಊರಿ ಎದ್ದು ನಿಂತರು.

ವಾಹನ ನಿಲ್ಲಿಸುವ ಜಾಗದ ನೆರಳಿನಲ್ಲಿ ಸಭೆ ಸೇರಿತು. ಕುರ್ಚಿ ಇಲ್ಲದವರು ಸ್ಕೂಟರುಗಳ ಮೇಲೆ ಕೂತರು. ಮೈಕಿನ ವಯರ್ ಅಲ್ಲಿವರೆಗೆ ಬರಲಿಲ್ಲ. ಡುಲ್ಸಿನ್‌ಗೆ ಅದು ಬೇಕಾಗಿರಲಿಲ್ಲ, ಮೂವತ್ತು ವರ್ಷ ಹಿಂದಿನ ಬೆಂಚಿಗೆ ಕೇಳಿಸಿದ ದನಿ ಅದು.

"ಹಳೆ ಕಟ್ಟಡ ಸೋರುದು ನಿಜ. ಸ್ಥಳಾಂತರ ಬೇಡ ಅಂತ ನಾನು ಹೇಳುದಿಲ್ಲ" ಎಂದರು. "ಆದರೆ ಈ ಎರಡು ಶಟರ್ ಯಾಕೆ ಮುಚ್ಚಿದ್ದು? ಇಲ್ಲಿ ಮಾಡಿ."

"ಅವು ವಾಣಿಜ್ಯ ಮಳಿಗೆ ಮೇಡಂ. ಹರಾಜಿಗೆ ಇಟ್ಟದ್ದು. ಕೆಳಗಿನ ಜಾಗಕ್ಕೆ ಡಿಮ್ಯಾಂಡ್ ಹೆಚ್ಚು."

"ಯಾಕೆ ಹೆಚ್ಚು?"

"ಜನ ಸುಲಭದಲ್ಲಿ ಬರ್ತಾರೆ ಅಂತ…" ಎನ್ನುವಾಗಲೇ ಕೃಷ್ಣಕಿಶೋರರಿಗೆ ತಾವು ಹೇಳುತ್ತಿರುವುದೇನೆಂದು ತಿಳಿದು ಮಾತು ನಿಂತಿತು. ಜನ ಗೊಳ್ಳೆಂದರು.

"ಪಫ್ಸ್ ತಿನ್ನುವವರಿಗೆ ಸುಲಭ ಆಗ್ಬೇಕು, ಇಂಜೆಕ್ಷನ್ ತಗೊಳ್ಳುವವರು ಹತ್ತಬೇಕು" ಎಂದರು ಡುಲ್ಸಿನ್. "ಬೇಕರಿಯನ್ನು ಮೇಲೆ ಹಾಕಿ ಸಾರ್. ಹಸಿವಾದವನು ಹತ್ತಿಯಾನು."

"ಅಯ್ಯೊ ಟೀಚರ್, ಕುರ್ಚಿ ಕೊಟ್ಟದ್ದು ನಾನು!" ಎಂದು ಬೇಕರಿಯವನು ಒಳಗಿನಿಂದಲೇ ಕೂಗಿದ. ಅಧಿಕಾರಿಯೂ ನಕ್ಕರು. ಆದರೆ ನಕ್ಕದ್ದರಿಂದ ಏನೂ ಬದಲಾಗಲಿಲ್ಲ. ಮಳಿಗೆ ಕೊಡುವ ಅಧಿಕಾರ ತನಗಿಲ್ಲ, ಮೇಲಿನವರನ್ನು ಕೇಳಬೇಕು, ಸೋಮವಾರ ಸಾಮಾನು ಸಾಗಿಸುವುದನ್ನು ನಿಲ್ಲಿಸಲೂ ತನ್ನಿಂದ ಆಗದು ಎಂದರು. ಪೆಲತ್ತಡಿಯ ಜನ ಇದಕ್ಕೆ ಒಪ್ಪಿಲ್ಲ ಎಂದು ಇಲ್ಲೇ ಬರೆಯಿರಿ, ಬರೆದು ಗಟ್ಟಿಯಾಗಿ ಓದಿ ಎಂದರು ಡುಲ್ಸಿನ್. ಅವರು ಬರೆದರು, ಓದಿದರು. ಓದುವಾಗ ಹಿಂದಿನಿಂದ ಯಾರೋ "ಜೋರು!" ಎಂದರು. ಮತ್ತೊಮ್ಮೆ ಓದಿದರು.

ಸಂಜೆ ಗೇವಿನ್‌ನ ಚಾನೆಲಿನಲ್ಲಿ ಸುದ್ದಿ ಬಂತು: "ಮೆಟ್ಟಿಲೇರಲಾಗದೆ ಅಂಗವಿಕಲ ಶಿಕ್ಷಕಿಯ ಕಣ್ಣೀರು." ಡುಲ್ಸಿನ್ ಫೋನ್ ಮಾಡಿದರು.

"ಕಣ್ಣೀರು ಎಲ್ಲಿ ನೋಡಿದಿ?"

"ಟೀಚರ್, ಅದು ಎಡಿಟರ್ ಹಾಕಿದ್ದು…"

"ಸುಳ್ಳು ಉತ್ತರಕ್ಕೆ ನಾನು ಎಂತ ಮಾಡ್ತಿದ್ದೆ ನೆನಪುಂಟಲ್ಲ? ಹತ್ತು ನಿಮಿಷದಲ್ಲಿ ತೆಗೆಸು."

ಒಂದು ಗಂಟೆಯೇ ಹಿಡಿಯಿತು. ಆದರೆ ಶೀರ್ಷಿಕೆ ಬದಲಾಯಿತು: "ಮಹಡಿಯ ಆರೋಗ್ಯ ಕೇಂದ್ರಕ್ಕೆ ಪೆಲತ್ತಡಿ ಒಪ್ಪಿಲ್ಲ." ಕೆಳಗೆ ಶಟರುಗಳ ಫೋಟೊ.

ಸೋಮವಾರ ಫ್ರಿಜ್, ಮೇಜು, ತೂಕದ ಯಂತ್ರ ಎಲ್ಲವೂ ಮೇಲೆ ಹೋದವು. ಹಳೆ ಮನೆಗೆ ಬೀಗ ಬಿತ್ತು. ಮನೆಯಲ್ಲಿ ರೇಮಂಡ್, "ನೋಡಿದಿಯಾ? ಅಷ್ಟೆಲ್ಲ ಮಾಡಿದ್ದು ಎಂತಕ್ಕೆ?" ಎಂದರು. ಡುಲ್ಸಿನ್ ಉತ್ತರ ಪತ್ರಿಕೆ ತಿದ್ದುವುದನ್ನು ಮುಂದುವರಿಸಿದರು.

ಕೊನೆಯ ಡೋಸಿನ ದಿನ ಅವರು ಬಶೀರನ ರಿಕ್ಷಾದಲ್ಲಿ, ಅವನ ತಾಯಿಯ ಜೊತೆಗೆ, ಹೋಗಿ ಮತ್ತೆ ಮೆಟ್ಟಿಲಿನ ಬುಡದಲ್ಲೇ ಕೂತರು. ಬೇಕರಿಯವನು ಕೇಳದೆಯೇ ಕುರ್ಚಿ ತಂದ. ಡುಲ್ಸಿನ್ ಮೇಲಕ್ಕೆ ಮುಖ ಮಾಡಿ, "ಹೇಮಾಕ್ಷೀ! ಬಂದಿದ್ದೇನೆ!" ಎಂದು ಒಂದೇ ಒಂದು ಕೂಗು ಹಾಕಿದರು.

ಮೇಲೆ ಹೇಮಾಕ್ಷಿ ಡಾಕ್ಟರನ್ನು ನೋಡಿದಳು. ಡಾಕ್ಟರ್ ಕಿಟಕಿಯ ಹೊರಗೆ ನೋಡಿದರು. ಸಾಮಾನು ಕೆಳಗೆ ಒಯ್ಯಬಾರದೆಂದು ಆಫೀಸಿನಿಂದ ಬಾಯಿಮಾತಿನ ಆಜ್ಞೆ ಇತ್ತು. ಹೇಮಾಕ್ಷಿ ಲಸಿಕೆಯನ್ನು ಐಸಿನ ಡಬ್ಬಿಯಲ್ಲಿಟ್ಟು, ಹೆಗಲಿಗೆ ಹಾಕಿ ಇಳಿದಳು. ಕೈಗೆ ಸೂಜಿ ಚುಚ್ಚಿ ಹತ್ತಿ ಒತ್ತುವಾಗ, "ನಂಗೆ ಮೆಮೊ ಬಂದ್ರೆ ನೀವೇ ಉತ್ತರ ಬರೆದು ಕೊಡ್ಬೇಕು ಟೀಚರ್" ಎಂದಳು.

"ಬಾ ಮನೆಗೆ. ಕಾಫಿ ಕುಡಿಯುತ್ತಾ ಬರೆಯುವ."

ಹೇಮಾಕ್ಷಿ ಡಬ್ಬಿ ಮುಚ್ಚುವಷ್ಟರಲ್ಲಿ ಬಶೀರನ ತಾಯಿ ಮಗಳನ್ನು ಕರೆಯುವ ಹಾಗೆ ರಿಕ್ಷಾದಿಂದ ಕೈ ಚಾಚಿದರು, "ನಂದೂ ಬಿಪಿ ನೋಡು ಮೋಳೆ." ಆನ್ಸಿಯೂ ಬಂದಳು. ಮರುದಿನ ಇಬ್ಬರು ಹೆಚ್ಚಿದರು. ಆ ವಾರ ಬಿಪಿ ಯಂತ್ರ ಕೆಳಗೆ ಬಂದದ್ದು ಮೇಲೆ ಹೋಗಲಿಲ್ಲ. ಮುಂದಿನ ವಾರ ಒಂದು ಮೇಜು ಇಳಿಯಿತು. ಪಂಕಜಾಕ್ಷಿ ದೇವಸ್ಥಾನದಿಂದ ಒಂದು ಹಳೆಯ ಬೆಂಚು ಕಳಿಸಿದರು. ವಿಠಲ ಭಟ್ಟರು ಕೇಳಿದಾಗ, "ದೇವರಿಗೆ ಕೂರ್ಲಿಕ್ಕೆ ಬೇರೆ ಉಂಟಲ್ಲ" ಎಂದರಂತೆ. ಕೊನೆಗೆ ಡಾಕ್ಟರೇ, ಮೇಲೆ ಒಬ್ಬರೇ ಕೂತು ಬೇಸರವಾಗಿ, ಸ್ಟೆತಸ್ಕೋಪ್ ಹಿಡಿದು ಇಳಿದು ಬಂದರು. ವಾಹನ ನಿಲ್ಲಿಸುವ ಜಾಗದಲ್ಲಿ ಆರೋಗ್ಯ ಕೇಂದ್ರ ನಡೆಯತೊಡಗಿತು. ಮೆಮೊ ಬಂತು. ಡುಲ್ಸಿನ್ ಉತ್ತರ ಬರೆದರು. ಅದಕ್ಕೆ ಯಾರೂ ಮಾರುತ್ತರ ಕೊಡಲಿಲ್ಲ.

ಮಳೆ ಶುರುವಾಗುವ ಮೊದಲು ಕೃಷ್ಣಕಿಶೋರ್ ಬಂದು ಒಂದು ಶಟರ್ ತೆಗೆಸಿದರು. ಕೇಳಿದ್ದು ಎರಡು, ಸಿಕ್ಕಿದ್ದು ಒಂದು. ಅದಕ್ಕೂ "ತಾತ್ಕಾಲಿಕ" ಎಂದು ಬೋರ್ಡ್ ಹಾಕಿದರು. "ಇಷ್ಟು ನನ್ನಿಂದ ಆದದ್ದು ಮೇಡಂ" ಎಂದರು. "ಇನ್ನೊಂದರ ವಿಷಯ ನಾವು ಬಿಡುದಿಲ್ಲ" ಎಂದರು ಡುಲ್ಸಿನ್. ಅವರು ತಲೆಯಾಡಿಸಿದರು, ಅದು ಗೊತ್ತಿತ್ತು ಎಂಬಂತೆ.

ಮಳಿಗೆಯ ಮುಂದೆ ನೀರು ನುಗ್ಗದಿರಲೆಂದು ಕಟ್ಟಿದ ಎತ್ತರದ ಕಟ್ಟೆಯಿತ್ತು. ರ‍್ಯಾಂಪ್‌ಗೆ ಅನುಮತಿ, ಅಂದಾಜು, ಟೆಂಡರ್ ಎಂದು ಹೇಳಿ ಆಫೀಸಿನವರು ಹೋದರು. ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದ ರೇಮಂಡ್ ಯಾರಿಗೂ ಹೇಳದೆ ಒಬ್ಬ ಮೇಸ್ತ್ರಿಯನ್ನೂ ಸಿಮೆಂಟನ್ನೂ ತಂದು, ಸಂಜೆಯೊಳಗೆ ರ‍್ಯಾಂಪ್ ಹಾಕಿ ಮುಗಿಸಿದರು. ಎರಡು ದಿನ ಕಳೆದು, ಮೇಸ್ತ್ರಿಯನ್ನೂ ಜೊತೆಗಿಟ್ಟುಕೊಂಡು, ತಂಗಿಯನ್ನು ಕರೆತಂದು ತೋರಿಸಿದರು. ಕುವೈತಿನಲ್ಲಿ ಕಟ್ಟಿದ ಯಾವ ಗೋಪುರದ ಬಗ್ಗೆ ಹೇಳುವಾಗಲೂ ಅವರ ಮುಖ ಅಷ್ಟು ಅರಳಿರಲಿಲ್ಲ.

ಡುಲ್ಸಿನ್ ಊರುಗೋಲನ್ನು ಇಳಿಜಾರಿನ ಮೇಲಿಟ್ಟು ಒತ್ತಿ ನೋಡಿದರು. ಅದು ಜಾರಿತು.

"ಇದು ರ‍್ಯಾಂಪಾ, ಜಾರುಬಂಡೆಯಾ?"

"ಜಾಗ ಇರುದೇ ಇಷ್ಟು ಡುಲ್ಸಿ. ನಾನು ಕೈ ಹಿಡೀತೇನಲ್ಲ, ಬಾ."

"ಕೈ ಬೇಡ. ಉದ್ದ ಮಾಡು. ಬೇಕರಿಯ ಎದುರಿನ ತನಕ ತಾ."

"ಅವನು ಒಪ್ಪುದಿಲ್ಲ!"

"ನಾನು ಕೇಳ್ತೇನೆ."

ರೇಮಂಡ್ ಮೇಸ್ತ್ರಿಯನ್ನು ನೋಡಿದರು. ಮೇಸ್ತ್ರಿ ಆಕಾಶ ನೋಡಿದ. ರೇಮಂಡ್ "ದೇವಾ, ಇವಳೊಬ್ಬಳು" ಎಂದು ಕೊಂಕಣಿಯಲ್ಲಿ ಗೊಣಗಿ, ಅಂಗಿಯ ತೋಳು ಮಡಚಿ, ತಾವೇ ಮೇಸ್ತ್ರಿಯ ಸುತ್ತಿಗೆ ಎತ್ತಿಕೊಂಡು ತಾವು ಕಟ್ಟಿದ್ದನ್ನು ಒಡೆಯತೊಡಗಿದರು. ಡುಲ್ಸಿನ್ ಬೇಕರಿಯವನ ಹತ್ತಿರ ಮಾತಾಡಲು ಹೋದರು.